ನಂಬಿ ಕೊಟ್ಟ ಕಾಲು

ವೃತ್ತಿಪರ ಕುಸ್ತಿಯಲ್ಲಿ ಬ್ರೆಟ್ ಹಾರ್ಟ್ ಹೆಚ್ಚೋ ಶಾನ್ ಮೈಕಲ್ಸ್ ಹೆಚ್ಚೋ ಎಂಬ ವಾದಕ್ಕೆ ಮೂವತ್ತು ವರ್ಷವಾಗುತ್ತ ಬಂತು. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಬಂದ ಹೊಸದರಲ್ಲಿ ನಮ್ಮ ಊರುಗಳ ಹುಡುಗರೂ ಈ ವಾದಕ್ಕಾಗಿ ಗಂಟಲು ಹರಿದುಕೊಂಡಿದ್ದಾರೆ. ಆಗ ಸಾಕ್ಷಿಗೆ ಇರುತ್ತಿದ್ದದ್ದು ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡುಗಳು. ಎತ್ತರ, ತೂಕ, ಎದೆಯ ಸುತ್ತಳತೆ. ಯಾರ ಅಂಕಿ ದೊಡ್ಡದೋ ಅವರಿಗೆ ಎದುರಿನವರ ಕಾರ್ಡು. ಆ ಹುಡುಗರು ಬೆಳೆದರು, ಕಾರ್ಡಿನ ಜಾಗಕ್ಕೆ ಬೆಲ್ಟಿನ ಲೆಕ್ಕ ಬಂತು. ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯ ಮುಖ್ಯ ಪಟ್ಟ ಬ್ರೆಟ್‌ಗೆ 5 ಸಲ ಸಿಕ್ಕಿತು, ಶಾನ್‌ಗೆ 3 ಸಲ. ಆದರೆ ಪಟ್ಟ ಯಾರಿಗೆ, ಎಷ್ಟು ತಿಂಗಳಿಗೆ ಎಂದು ತೀರ್ಮಾನಿಸುತ್ತಿದ್ದವನು ಮಾಲೀಕ ವಿನ್ಸ್ ಮೆಕ್‌ಮಹನ್. ಗೆಲ್ಲುವವನು ಯಾರೆಂದು ರಿಂಗಿಗೆ ಇಳಿಯುವ ಮೊದಲೇ ಗೊತ್ತಿರುವ ಆಟದಲ್ಲಿ ಗೆಲುವುಗಳನ್ನು ಕೂಡಿಸಿ ಏನು ಸಿಗುತ್ತದೆ?

ಹಾಗಾದರೆ ಹೋಲಿಕೆಯೇ ಬೇಡ, ಎಲ್ಲಾ ನಾಟಕ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ವಾಲಿವಧೆಯ ತಾಳಮದ್ದಳೆಗೆ ಬಂದು ಕೂತವರಿಗೆಲ್ಲ ವಾಲಿ ಸಾಯುತ್ತಾನೆಂದು ಗೊತ್ತು. ಆದರೂ ಮನೆಗೆ ಮರಳುವ ದಾರಿಯಲ್ಲಿ ಇವತ್ತಿನ ವಾಲಿ ಹೇಗಿದ್ದ, ರಾಮ ಹೇಗಿದ್ದ ಎಂಬ ಚರ್ಚೆ ನಡೆಯುತ್ತದೆ, ಅದರಲ್ಲಿ ತೂಕವೂ ಇರುತ್ತದೆ. ಎದುರಿನ ಅರ್ಥಧಾರಿಯ ಮಾತಿಗೆ ಎಡೆಮಾಡಿಕೊಟ್ಟು, ಅವನ ಪ್ರಶ್ನೆ ಇನ್ನಷ್ಟು ಹರಿತವಾಗುವಂತೆ ನೋಡಿಕೊಂಡು, ಆಮೇಲೆ ಉತ್ತರಿಸುವ ಕಲಾವಿದ ಒಬ್ಬ. ಸಂಗಡಿಗನನ್ನು ತಡವರಿಸುವಂತೆ ಮಾಡಿ ಚಪ್ಪಾಳೆ ಗಿಟ್ಟಿಸುವವನು ಇನ್ನೊಬ್ಬ. ಇವರಿಬ್ಬರಲ್ಲಿ ಯಾರು ಹೆಚ್ಚೆಂದು ಹೇಳಲು ಪ್ರಸಂಗದ ಕೊನೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ವೃತ್ತಿಪರ ಕುಸ್ತಿಯ ಅಳತೆಯೂ ಇದೇ ಬಗೆಯದು. ಅಲ್ಲಿ ಒಂದು ಭಾರ ಹೆಚ್ಚು: ಸಂಗಡಿಗನ ಮಾನದ ಜತೆಗೆ ಅವನ ಕುತ್ತಿಗೆ, ಬೆನ್ನುಮೂಳೆ, ಮಂಡಿ ಎಲ್ಲವೂ ಎದುರಿನವನ ಕೈಯಲ್ಲಿರುತ್ತವೆ.

ಈ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಒಬ್ಬನನ್ನು ಎತ್ತಿ ಒಗೆಯುವ ವರಸೆಯಲ್ಲಿ ಎತ್ತಿಸಿಕೊಳ್ಳುವವನೂ ಸರಿಯಾದ ಕ್ಷಣಕ್ಕೆ ಜಿಗಿಯಬೇಕು. ಎತ್ತಿದವನು ಅವನ ಬೆನ್ನು ಸಪಾಟಾಗಿ ನೆಲ ಮುಟ್ಟುವಂತೆ ತಿರುಗಿಸಬೇಕು. ಬೀಳುವವನು ಗಲ್ಲವನ್ನು ಎದೆಗೆ ಒತ್ತಿಕೊಂಡಿರಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ರಿಂಗ್ ಎಂದರೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸು. ಫಲಿತಾಂಶ ಬರೆದಿಟ್ಟದ್ದಿರಬಹುದು, ಬೀಳುವುದಂತೂ ನಿಜ. ಆ ಕಾಲದಲ್ಲಿ ಮುಂಚೂಣಿಯ ಆಟಗಾರರು ವರ್ಷಕ್ಕೆ 200ಕ್ಕೂ ಹೆಚ್ಚು ರಾತ್ರಿ ಹೀಗೆ ಬೀಳುತ್ತಿದ್ದರು. ಆದ್ದರಿಂದ ಈ ಕಸುಬಿನ ಒಳಗಿನವರು ಒಬ್ಬನನ್ನು ತೂಗುವಾಗ ಕೇಳುವುದು ಎರಡು ಪ್ರಶ್ನೆ. ಇವನ ಕೈಗೆ ನನ್ನ ದೇಹ ಕೊಡಬಹುದೇ? ಇವನ ಜತೆ ಆಡಿದ ಮೇಲೆ ಜನ ನನ್ನನ್ನು ಮೊದಲಿಗಿಂತ ದೊಡ್ಡವನಾಗಿ ಕಾಣುತ್ತಾರೆಯೇ? ನನ್ನ ಹೋಲಿಕೆಯೆಲ್ಲ ಈ ಎರಡರ ಮೇಲೆ ನಿಂತಿದೆ. ಬ್ರೆಟ್ ಹಾರ್ಟ್ ಜತೆ ಆಡಿದವರು ಎರಡಕ್ಕೂ ಹೌದು ಎನ್ನುತ್ತಿದ್ದರು, ಬಹುತೇಕ ಅವನ ವೃತ್ತಿಯುದ್ದಕ್ಕೂ. ಶಾನ್ ಮೈಕಲ್ಸ್ ಆ ಹಂತಕ್ಕೆ ಬಂದದ್ದು ಒಮ್ಮೆ ಎಲ್ಲವನ್ನೂ ಕಳೆದುಕೊಂಡು ಮರಳಿದ ಮೇಲೆ.

ಬ್ರೆಟ್ ಹುಟ್ಟಿದ್ದು 1957ರಲ್ಲಿ, ಕೆನಡಾದ ಕ್ಯಾಲ್ಗರಿಯಲ್ಲಿ, ಹನ್ನೆರಡು ಮಕ್ಕಳ ಮನೆಯಲ್ಲಿ ಎಂಟನೆಯವನಾಗಿ. ತಂದೆ ಸ್ಟು ಹಾರ್ಟ್ ಹಳೆಯ ಕಾಲದ ಕುಸ್ತಿಪಟು, ಸ್ಟ್ಯಾಂಪೀಡ್ ರೆಸ್ಲಿಂಗ್ ಎಂಬ ಕಂಪನಿ ನಡೆಸುತ್ತಿದ್ದವನು. ಮನೆಯ ನೆಲಮಾಳಿಗೆಯೇ ಗರಡಿ, ಅದಕ್ಕೆ ಡಂಜನ್ ಎಂದು ಹೆಸರು. ಕಲಿಯಲು ಬಂದ ಹೊಸಬರಿಗೆ ಸ್ಟು ನಿಜವಾದ ಪಟ್ಟು ಹಾಕಿ ಕಿರುಚಿಸುತ್ತಿದ್ದ. ನೋವು ಏನೆಂದು ಮೈಗೆ ಗೊತ್ತಾದವನು ಮಾತ್ರ ಅದನ್ನು ನಂಬುವಂತೆ ತೋರಿಸಬಲ್ಲ ಎಂಬುದು ಆ ನೆಲಮಾಳಿಗೆಯ ಪಾಠ. ಗಂಡುಮಕ್ಕಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದೇ ಕಸುಬಿಗೆ ಬಂದರು. ಹೆಣ್ಣುಮಕ್ಕಳು ಮದುವೆಯಾದದ್ದೂ ಕುಸ್ತಿಪಟುಗಳನ್ನೇ. ಅಂಥ ಮನೆಯಲ್ಲಿ ಎದುರಾಳಿ ಎಂದರೆ ಊಟಕ್ಕೆ ಪಕ್ಕದಲ್ಲಿ ಕೂರುವವನು. ಅವನ ಕೈ ಮುರಿದರೆ ರಾತ್ರಿ ಅಮ್ಮನಿಗೆ, ಅಕ್ಕನಿಗೆ ಉತ್ತರ ಹೇಳಬೇಕು. ಬ್ರೆಟ್‌ನ ಎಚ್ಚರ ಅಲ್ಲಿಂದ ಬಂದದ್ದೆಂದು ನನಗೆ ಅನಿಸುತ್ತದೆ. ತನ್ನಿಂದ ಯಾವ ಎದುರಾಳಿಗೂ ಗಂಭೀರವಾದ ಗಾಯವಾಗಲಿಲ್ಲ ಎಂಬುದು ಅವನು ಬೆಲ್ಟುಗಳಿಗಿಂತ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು.

ಶಾನ್‌ನ ನಿಜವಾದ ಹೆಸರು ಮೈಕಲ್ ಶಾನ್ ಹಿಕನ್‌ಬಾಟಮ್. 1965ರಲ್ಲಿ ಹುಟ್ಟಿದ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಬೆಳೆದ. ಹೋಸೆ ಲೊಥಾರಿಯೊ ಎಂಬ ಅನುಭವಿಯಿಂದ ಕಲಿತು ಹತ್ತೊಂಬತ್ತನೆಯ ವಯಸ್ಸಿಗೇ ರಿಂಗಿಗೆ ಇಳಿದ. ಬೆನ್ನಿಗೆ ಮನೆತನವಿಲ್ಲ, ಇದ್ದದ್ದು ಪ್ರತಿಭೆ, ಅದೂ ದಿಗಿಲು ಹುಟ್ಟಿಸುವಷ್ಟು. ಮಾರ್ಟಿ ಜಾನೆಟಿ ಜತೆ ರಾಕರ್ಸ್ ಎಂಬ ಜೋಡಿಯಾಗಿ ಆಡುತ್ತಿದ್ದ ದಿನಗಳಲ್ಲೇ ನೋಡುವವರ ಕಣ್ಣು ಅವನ ಮೇಲೆ ನೆಡುತ್ತಿತ್ತು.

ಇಬ್ಬರೂ ಮೇಲೆ ಬಂದದ್ದಕ್ಕೆ ಪ್ರತಿಭೆಯ ಹೊರಗಿನ ಕಾರಣವೊಂದಿದೆ, ಅದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಎಂಬತ್ತರ ದಶಕ ಹಲ್ಕ್ ಹೋಗನ್‌ನಂಥ ಬೆಟ್ಟದ ದೇಹಗಳದು. ಆಮೇಲೆ ಸ್ಟಿರಾಯ್ಡ್ ಹಗರಣ ಬಂತು. ಕುಸ್ತಿಪಟುಗಳಿಗೆ ಔಷಧಿ ಕೊಡುತ್ತಿದ್ದ ವೈದ್ಯನಿಗೆ 1991ರಲ್ಲಿ ಶಿಕ್ಷೆಯಾಯಿತು; 1994ರಲ್ಲಿ ಮೆಕ್‌ಮಹನ್ ತಾನೇ ಕಟಕಟೆ ಹತ್ತಿ ಖುಲಾಸೆಯಾಗಿ ಬಂದ. ಉಬ್ಬಿದ ಮೈಗಳನ್ನು ಮುಂದೆ ನಿಲ್ಲಿಸುವುದು ಕಷ್ಟವಾದಾಗ ಕಂಪನಿ ಹದವಾದ ಮೈಕಟ್ಟಿನ, ಕೆಲಸ ಬಲ್ಲ ಆಟಗಾರರ ಕಡೆ ತಿರುಗಿತು. ಬಾಗಿಲು ಒಂದೇ ಹೊತ್ತಿಗೆ ಇಬ್ಬರಿಗೂ ತೆರೆಯಿತು.

ಬ್ರೆಟ್ ಅದನ್ನು ಹೇಗೆ ಬಳಸಿಕೊಂಡನೆಂದು ನೋಡಿ. 1991ರ ಸಮ್ಮರ್‌ಸ್ಲ್ಯಾಮ್ ಪ್ರದರ್ಶನದಲ್ಲಿ ಎದುರಿಗಿದ್ದ ಮಿಸ್ಟರ್ ಪರ್ಫೆಕ್ಟ್, ಅಂದರೆ ಕರ್ಟ್ ಹೆನ್ನಿಗ್, ಬೆನ್ನಿನ ಪೆಟ್ಟಿನಿಂದ ನರಳುತ್ತಿದ್ದ. ಹದಿನೆಂಟು ನಿಮಿಷದ ಆ ಪಂದ್ಯದಲ್ಲಿ ಅದು ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ. ಮುಕ್ತಾಯದಲ್ಲಿ ಹೆನ್ನಿಗ್ ಮೇಲಿಂದ ಕಾಲು ಬೀಸುತ್ತಾನೆ, ಬ್ರೆಟ್ ಮಲಗಿದಲ್ಲಿಂದಲೇ ಆ ಕಾಲು ಹಿಡಿದು, ಮಗುಚಿ, ಶಾರ್ಪ್‌ಶೂಟರ್ ಎಂಬ ತನ್ನ ಪಟ್ಟು ಹಾಕುತ್ತಾನೆ. 1992ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ, ಸುಮಾರು 80,000 ಜನ. ಎದುರಾಳಿ ಭಾವ ಡೇವಿ ಬಾಯ್ ಸ್ಮಿತ್, ತಂಗಿಯ ಗಂಡ. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಡೇವಿಗೆ ಏನೂ ನೆನಪಿಲ್ಲದಂತಾಯಿತು, ಮುಂದಿನ ಪ್ರತಿ ವರಸೆಯನ್ನೂ ತಾನು ಕಿವಿಯಲ್ಲಿ ಹೇಳಿ ನಡೆಸಿದೆ ಎಂದು ಬ್ರೆಟ್ ಮುಂದೆ ವಿವರಿಸಿದ್ದಾನೆ. ಆ ಪಂದ್ಯವನ್ನು ಈಗ ನೋಡಿದರೂ ಕಾಣುವುದು ತವರಿನ ಜನರೆದುರು ಗೆದ್ದ ವೀರ ಡೇವಿಯೇ. ಬ್ರೆಟ್ ಸೋತ. ಕಂಪನಿಯ ವಾರ್ಷಿಕ ಮಹಾಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ 1994ರಲ್ಲಿ ತಮ್ಮ ಓವನ್‌ಗೆ ಸೋತ, ಆ ಒಂದು ಸೋಲಿನಿಂದ ಓವನ್ ಅಣ್ಣನ ನೆರಳಿನಿಂದ ಹೊರಬಂದ.

ಇನ್ನೊಂದು ಸಣ್ಣ ವಿಷಯ. ಎದುರಾಳಿ ಮೂಲೆಗೆ ಎಸೆದಾಗ ಕುಸ್ತಿಪಟುಗಳು ಸಾಮಾನ್ಯವಾಗಿ ತಿರುಗಿ ಬೆನ್ನು ಕೊಡುತ್ತಾರೆ. ಬ್ರೆಟ್ ಎದೆಗೊಟ್ಟು ಓಡಿ ಬಡಿದುಕೊಳ್ಳುತ್ತಿದ್ದ, ರಿಂಗೇ ಅಲುಗುವಂತೆ. ಎಸೆದವನು ಎಂಥ ಸಾಧಾರಣ ಆಟಗಾರನಿದ್ದರೂ ಆ ಕ್ಷಣಕ್ಕೆ ಭೀಮಬಲದವನಾಗಿ ಕಾಣುತ್ತಿದ್ದ. ನೋವು ತನ್ನದು, ಹೆಸರು ಅವನದು.

ಶಾನ್‌ನ ಪ್ರತಿಭೆಯನ್ನು ಕಡಿಮೆ ಮಾಡಿ ಹೇಳಿದರೆ ಈ ವಾದ ಸುಲಭವಾಗುತ್ತದೆ, ಆದರೆ ಅದು ಸುಳ್ಳಾಗುತ್ತದೆ. ರಿಂಗಿನಲ್ಲಿ ಅವನಷ್ಟು ಹಗುರವಾಗಿ, ಅವನಷ್ಟು ಕರಾರುವಾಕ್ಕಾಗಿ ಚಲಿಸಿದವರು ಕಡಿಮೆ. 1994ರ ಮಾರ್ಚ್ 20ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಜರ್ ರೇಮನ್ ವಿರುದ್ಧ ನಡೆದ ಏಣಿ ಪಂದ್ಯವನ್ನು ಮೊದಲ ಸಲ ನೋಡಿದವರು ಉಸಿರು ಬಿಗಿಹಿಡಿದಿದ್ದಾರೆ. ಏಣಿಯ ಮೇಲಿಂದ ಹಾರಿ ಕೆಳಗೆ ಮಲಗಿದವನ ಮೇಲೆ ಬೀಳುವ ಅವನ ಚಿತ್ರ ಮೂವತ್ತು ವರ್ಷದಿಂದ ಮತ್ತೆ ಮತ್ತೆ ಪ್ರಸಾರವಾಗುತ್ತಿದೆ. ಗೆದ್ದವನು ರೇಜರ್. ನೆನಪಿನಲ್ಲಿ ಉಳಿದವನು ಶಾನ್. ಇಬ್ಬರ ನಡುವಿನ ಅಂತರ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಜಾಗದಲ್ಲಿ. ಬ್ರೆಟ್ ಸೋತ ಪಂದ್ಯಗಳಲ್ಲಿ ಗೆದ್ದವನು ಬೆಳೆದ. ಶಾನ್ ಸೋತ ಪಂದ್ಯಗಳಲ್ಲಿ, ಕನಿಷ್ಠ ಆ ದಿನಗಳಲ್ಲಿ, ಬೆಳೆದವನು ಶಾನ್.

ಆ ಏಣಿ ಪಂದ್ಯದಲ್ಲಿ ಮೇಲೆ ತೂಗುಹಾಕಿದ್ದದ್ದು ಎರಡು ಬೆಲ್ಟು. ಯಾಕೆ ಎರಡು? 1993ರಲ್ಲಿ ಇಂಟರ್‌ಕಾಂಟಿನೆಂಟಲ್ ಪಟ್ಟ ಶಾನ್‌ನಿಂದ ಹೋದದ್ದು ಯಾರಿಗೂ ಸೋತದ್ದರಿಂದಲ್ಲ, ಕಂಪನಿ ಅದನ್ನು ಕಿತ್ತುಕೊಂಡಿತ್ತು. ಹೊಸದನ್ನು ರೇಜರ್ ಗೆದ್ದಿದ್ದ. 1995ರಲ್ಲಿ ಶಾನ್ ಗಾಯದ ಕಾರಣಕ್ಕೆ ಅದೇ ಪಟ್ಟವನ್ನು ಒಪ್ಪಿಸಿದ. 1997ರ ಫೆಬ್ರುವರಿಯಲ್ಲಿ ಮುಖ್ಯ ಪಟ್ಟವನ್ನೂ ಒಪ್ಪಿಸಿದ. ಒಂದೊಂದಕ್ಕೂ ಒಂದೊಂದು ಕಾರಣವಿದೆ, ಕೆಲವು ನಿಜವಾದ ಕಾರಣಗಳೂ ಹೌದು. ಆದರೆ ಪಟ್ಟ ಇರುವವನು ಹೋಗುವ ಮುನ್ನ ಮುಂದಿನವನಿಗೆ ರಿಂಗಿನಲ್ಲೇ ಸೋತು ಅವನನ್ನು ಎತ್ತಿಕೊಟ್ಟು ಹೋಗಬೇಕೆಂಬುದು ಈ ಕಸುಬಿನ ಹಳೆಯ ಕಟ್ಟುಪಾಡು. ಅದು ಇಷ್ಟು ಸಲ ತಪ್ಪಿದರೆ ಸಹಆಟಗಾರರು ಗಮನಿಸುತ್ತಾರೆ. 1996ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ವೇಡರ್ ಒಂದು ವರಸೆಗೆ ಸಕಾಲದಲ್ಲಿ ಸರಿಯಲಿಲ್ಲವೆಂದು ಶಾನ್ ಪಂದ್ಯದ ನಡುವೆಯೇ ಅವನಿಗೆ ಒದ್ದು ಗದರಿದ, ಟಿವಿಯಲ್ಲಿ ನೋಡುತ್ತಿದ್ದವರಿಗೂ ಅದು ತಿಳಿಯಿತು. ಇದನ್ನು ವೆಂಬ್ಲಿಯ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಎದುರಾಳಿ ಪೂರಾ ಪಂದ್ಯವನ್ನೇ ಮರೆತಿದ್ದ, ಯಾರಿಗೂ ಗೊತ್ತಾಗಲಿಲ್ಲ.

ಇಬ್ಬರ ನಡುವೆ ಮೊದಲ ಬಿರುಕು ಕಂಡದ್ದು 1996ರ ಮಾರ್ಚ್ 31ರ ರೆಸಲ್‌ಮೇನಿಯಾದಲ್ಲಿ. ಅರವತ್ತು ನಿಮಿಷದ ಪಂದ್ಯ, ಹೆಚ್ಚು ಸಲ ಕೆಡವಿದವನಿಗೆ ಪಟ್ಟ. ಒಂದು ಗಂಟೆ ಕಳೆದರೂ ಯಾರೂ ಯಾರನ್ನೂ ಕೆಡವಲಿಲ್ಲ. ಹೆಚ್ಚುವರಿ ಸಮಯದಲ್ಲಿ ಶಾನ್ ಒದೆ ಕೊಟ್ಟು ಗೆದ್ದ. ಅವನ ಬಾಲ್ಯದ ಕನಸು ನನಸಾಯಿತೆಂದು ಕಾಮೆಂಟರಿ ಹೇಳುತ್ತಿರುವಾಗ, ಬ್ರೆಟ್‌ನನ್ನು ಬೇಗ ರಿಂಗಿನಿಂದ ಹೊರಗೆ ಕಳಿಸು ಎಂದು ಶಾನ್ ರೆಫರಿಗೆ ಹೇಳಿದ್ದನ್ನು ತಾನು ಕೇಳಿಸಿಕೊಂಡೆ ಎಂದು ಬ್ರೆಟ್ ಹೇಳುತ್ತಾನೆ. ಮುಂದಿನ ವರ್ಷದ ರೆಸಲ್‌ಮೇನಿಯಾದಲ್ಲಿ ಶಾನ್ ಆ ಸೋಲನ್ನು ತೀರಿಸಿಕೊಡುವನೆಂದು ಬ್ರೆಟ್ ನಂಬಿದ್ದ. ಫೆಬ್ರುವರಿಯಲ್ಲಿ ಶಾನ್ ಮಂಡಿನೋವಿನ ಮಾತಾಡಿ, ತನ್ನ ನಗು ಎಲ್ಲೋ ಕಳೆದುಹೋಗಿದೆ ಎಂದು ಕಣ್ಣೀರಿಟ್ಟು ಪಟ್ಟ ಬಿಟ್ಟುಕೊಟ್ಟ. ಆ ನೋವು ಎಷ್ಟು ನಿಜವೆಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಆದರೆ ಅವನು ಬಿಟ್ಟುಹೋದ ಖಾಲಿ ಜಾಗದಲ್ಲಿ ಬ್ರೆಟ್ ಏನು ಮಾಡಿದ ಎಂಬುದರಲ್ಲಿ ಚರ್ಚೆಯಿಲ್ಲ. 1997ರ ಮಾರ್ಚ್ 23, ಚಿಕಾಗೊ ಪಕ್ಕದ ರೋಸ್‌ಮಾಂಟ್. ಎದುರಿಗೆ ಸ್ಟೀವ್ ಆಸ್ಟಿನ್. ಆಸ್ಟಿನ್ ಖಳ, ಬ್ರೆಟ್ ನಾಯಕ. ಎದುರಾಳಿ ಸೋಲೊಪ್ಪುವವರೆಗೆ ಆಟ. ಇಪ್ಪತ್ತು ನಿಮಿಷ ದಾಟುವ ಹೊತ್ತಿಗೆ ಆಸ್ಟಿನ್‌ನ ಹಣೆಯಿಂದ ರಕ್ತ ಸುರಿದು ಹಲ್ಲಿನ ಸಂದಿಗೆ ಇಳಿದಿತ್ತು. ಶಾರ್ಪ್‌ಶೂಟರ್‌ನಲ್ಲಿ ಸಿಕ್ಕ ಅವನು ಎರಡೂ ಅಂಗೈಯೂರಿ ಮೈ ಎತ್ತುತ್ತಾನೆ, ಬ್ರೆಟ್‌ನ ಹಿಡಿತ ಒಂದು ಕ್ಷಣ ಸಡಿಲವಾದಂತೆ ಕಾಣುತ್ತದೆ, ಮತ್ತೆ ಬಿಗಿಯುತ್ತದೆ. ಆಸ್ಟಿನ್ ಸೋತೆ ಎನ್ನುವುದಿಲ್ಲ. ಪ್ರಜ್ಞೆ ತಪ್ಪುತ್ತಾನೆ, ರೆಫರಿ ಕೆನ್ ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾನೆ. ಗೆದ್ದ ಬ್ರೆಟ್ ಸುಮ್ಮನೆ ಹೋಗದೆ ಬಿದ್ದವನ ಕಾಲಿಗೆ ಮತ್ತೆ ಒದೆಯುತ್ತಾನೆ. ಜನ ಅವನಿಗೆ ಛೀಮಾರಿ ಹಾಕುತ್ತಾರೆ. ಆಸ್ಟಿನ್ ಯಾರ ಕೈಯನ್ನೂ ಹಿಡಿಯದೆ ಕುಂಟುತ್ತ ಹೊರಡುವಾಗ ಸಭಾಂಗಣವೆಲ್ಲ ಅವನ ಹೆಸರು ಕೂಗುತ್ತಿರುತ್ತದೆ. ಒಂದೇ ಪಂದ್ಯದೊಳಗೆ ಖಳ ನಾಯಕನಾದ, ನಾಯಕ ಖಳನಾದ. ಹನ್ನೆರಡು ವರ್ಷ ದುಡಿದು ಗಳಿಸಿದ ಜನರ ಪ್ರೀತಿಯನ್ನು ಬ್ರೆಟ್ ಆ ರಾತ್ರಿ ಇನ್ನೊಬ್ಬನ ಹೆಸರಿಗೆ ಬರೆದುಕೊಟ್ಟ. ಕಾಗದದ ಮೇಲೆ ಗೆದ್ದವನು ಅವನೇ. ಮುಂದಿನ ನಾಲ್ಕೈದು ವರ್ಷ ಕಂಪನಿಯನ್ನು ಹೊತ್ತವನು ಆಸ್ಟಿನ್.

ಇನ್ನು ಮಾಂಟ್ರಿಯಲ್. ಆ ವಿಷಯ ಬಂದರೆ ಇಬ್ಬರ ಅಭಿಮಾನಿಗಳೂ ತರ್ಕ ಬಿಟ್ಟುಬಿಡುತ್ತಾರೆ. ಹಾಗಾಗಿ ಮೊದಲು ಬ್ರೆಟ್‌ನ ವಿರುದ್ಧದ ವಾದ ಹೇಳುತ್ತೇನೆ, ಅದು ಬಲವಾದದ್ದೇ. 1996ರಲ್ಲಿ ಅವನಿಗೆ 20 ವರ್ಷದ ಒಪ್ಪಂದ ಕೊಟ್ಟಿದ್ದ ಮೆಕ್‌ಮಹನ್, ಒಂದು ವರ್ಷದೊಳಗೆ ಅಷ್ಟು ಹಣ ಕೊಡಲಾಗದು, ಪ್ರತಿಸ್ಪರ್ಧಿ ಡಬ್ಲ್ಯೂಸಿಡಬ್ಲ್ಯೂ ಜತೆ ಮಾತಾಡಿಕೋ ಎಂದ. ಬ್ರೆಟ್ ಮಾತಾಡಿ ಸಹಿ ಹಾಕಿದ. ಆಗ ಪಟ್ಟ ಅವನ ಬಳಿ ಇತ್ತು. 1995ರಲ್ಲಿ ಮಹಿಳಾ ಪಟ್ಟ ಹಿಡಿದಿದ್ದ ಆಟಗಾರ್ತಿಯೊಬ್ಬಳು ಎದುರಾಳಿ ಚಾನೆಲ್ಲಿಗೆ ಹೋಗಿ ನೇರಪ್ರಸಾರದಲ್ಲೇ ಆ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ್ದಳು, ಮೆಕ್‌ಮಹನ್‌ನ ಭಯಕ್ಕೆ ಆಧಾರವಿತ್ತು. ಹೋಗುವವನು ಸೋತು ಹೋಗಬೇಕೆಂಬ ಕಟ್ಟುಪಾಡು ಬ್ರೆಟ್ ಬೇರೆಯವರಿಗೆ ಬೋಧಿಸಿದ್ದೇ. ಆದರೆ ತನ್ನ ಸರದಿ ಬಂದಾಗ, ಕೆನಡಾದ ನೆಲದಲ್ಲಿ ಶಾನ್‌ಗೆ ಸೋಲುವುದಿಲ್ಲ ಎಂದು ಹಟ ಹಿಡಿದ. ಆ ಬೇಸಿಗೆಯಲ್ಲಿ ಕೆನಡಾದ ಧ್ವಜ ಹಿಡಿದು ಅಮೆರಿಕವನ್ನು ಬೈಯುವ ಪಾತ್ರ ಮಾಡಿದ್ದವನು, ಪಾತ್ರವನ್ನು ರಿಂಗಿನಲ್ಲಿ ಬಿಟ್ಟು ಬರಲಾರದೆ ಹೋದ. ಇದು ದೋಷ. ಅವನ ಗಾಂಭೀರ್ಯದ ಇನ್ನೊಂದು ಮುಖ ಅಹಂಕಾರ ಎನ್ನುವವರ ಮಾತಿನಲ್ಲಿ ಸತ್ಯವಿದೆ.

ಅವನ ಪರವಾಗಿ ಹೇಳಬೇಕಾದದ್ದೂ ಇದೆ. ಒಪ್ಪಂದದ ಕೊನೆಯ 30 ದಿನ ತನ್ನ ಪಾತ್ರದ ಬಗ್ಗೆ ಮಾತು ನಡೆಸುವ ಹಕ್ಕು ಅವನಿಗೆ ಬರಹದಲ್ಲೇ ಇತ್ತು. ಬೇರೆ ಊರಿನಲ್ಲಿ, ಬೇರೆಯವರಿಗೆ ಸೋಲಲು ಅವನು ಸಿದ್ಧನಿದ್ದ. ಅದಕ್ಕೂ ಹಿಂದೆ, ಶಾನ್‌ಗೇ ಸೋಲಲು ತನಗೆ ಅಡ್ಡಿಯಿಲ್ಲವೆಂದು ಹೇಳಿದಾಗ, ನಿನಗಾಗಿ ನಾನು ಅದನ್ನು ಮಾಡುವುದಿಲ್ಲ ಎಂಬ ಉತ್ತರ ಶಾನ್‌ನಿಂದ ಬಂತೆಂದು ಬ್ರೆಟ್ ಹೇಳಿದ್ದಾನೆ. ಕೊಡುಕೊಳ್ಳುವಿಕೆಯ ಕಸುಬಿನಲ್ಲಿ ಕೊಡುವುದಿಲ್ಲ ಎಂದವನಿಗೆ ಕೊಡಲಾರೆ ಎನ್ನುವುದನ್ನು ನಾನು ಬರೀ ಅಹಂಕಾರವೆಂದು ತಳ್ಳಿಹಾಕಲಾರೆ.

1997ರ ನವೆಂಬರ್ 9ರಂದು ಮಾಂಟ್ರಿಯಲ್‌ನ ಮೋಲ್ಸನ್ ಸೆಂಟರ್‌ನಲ್ಲಿ 20,000ಕ್ಕೂ ಹೆಚ್ಚು ಜನರೆದುರು ನಡೆದದ್ದು ಇಷ್ಟು. ಇಬ್ಬರೂ ಒಪ್ಪಿಕೊಂಡಿದ್ದ ಪ್ರಕಾರ ಒಂದು ಹಂತದಲ್ಲಿ ಶಾನ್ ಬ್ರೆಟ್‌ನದೇ ಪಟ್ಟಾದ ಶಾರ್ಪ್‌ಶೂಟರನ್ನು ಅವನ ಮೇಲೆ ಹಾಕಬೇಕು, ಬ್ರೆಟ್ ಅದನ್ನು ಬಿಡಿಸಿ ತಿರುಗಿಸಬೇಕು. ಬ್ರೆಟ್ ಬೆನ್ನ ಮೇಲೆ ಮಲಗಿ ಎರಡೂ ಕಾಲು ಕೊಟ್ಟ. ಶಾನ್ ಅವನ್ನು ಹೆಣೆದು ಮಗುಚಿ ಕೂತ. ಬ್ರೆಟ್ ಬಿಡಿಸಿಕೊಳ್ಳಲು ಹಿಂದಕ್ಕೆ ಕೈ ಚಾಚುವಷ್ಟರಲ್ಲಿ ರಿಂಗಿನ ಪಕ್ಕ ಬಂದು ನಿಂತಿದ್ದ ಮೆಕ್‌ಮಹನ್ ಗಂಟೆ ಬಾರಿಸಲು ಕೂಗಿದ. ಗಂಟೆ ಮೊಳಗಿತು. ರೆಫರಿ ಅರ್ಲ್ ಹೆಬ್ನರ್ ಹಗ್ಗದ ಸಂದಿಯಿಂದ ನುಸುಳಿ ಓಡಿದ. ಸೋಲೊಪ್ಪದವನು ಸೋತನೆಂದು ಘೋಷಣೆಯಾಯಿತು. ಬ್ರೆಟ್ ಎದ್ದು ಮೆಕ್‌ಮಹನ್‌ನ ಮುಖಕ್ಕೆ ಉಗಿದ. ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಅವನಿಗೆ ಗುದ್ದಿದ. ನನಗೇನೂ ಗೊತ್ತಿರಲಿಲ್ಲ ಎಂದು ಶಾನ್ ಅದೇ ರಾತ್ರಿ ಆಣೆ ಇಟ್ಟ. ಗೊತ್ತಿತ್ತು ಎಂದು ವರ್ಷಗಳ ನಂತರ ತಾನೇ ಒಪ್ಪಿಕೊಂಡ.

ಮಾಲೀಕ ಮೋಸ ಮಾಡಿದ ಎಂದು ಈ ಕಥೆಯನ್ನು ಮುಗಿಸುವುದು ವಾಡಿಕೆ. ಮಾಲೀಕರ ಮೋಸ ಈ ಕಸುಬಿಗೆ ಹೊಸದಲ್ಲ. ನನ್ನನ್ನು ಕಾಡುವುದು ಆ ಕಾಲು. ಕುಸ್ತಿಪಟು ಎದುರಾಳಿಗೆ ಕಾಲು ಕೊಡುವುದು ಅವನು ಅದನ್ನು ಮುರಿಯುವುದಿಲ್ಲ, ಮಾತಾಡಿಕೊಂಡಂತೆ ನಡೆದುಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ. ಆ ರಾತ್ರಿ ಶಾನ್ ಕಾಲು ಮುರಿಯಲಿಲ್ಲ, ನಂಬಿಕೆಯನ್ನು ಬಳಸಿಕೊಂಡ. ಬ್ರೆಟ್ ಮಾಡಿದ್ದು ಹಟ, ಮಾತಿನಿಂದ ಬಗೆಹರಿಯಬಹುದಾದ ಹಟ. ಶಾನ್ ಮುರಿದದ್ದು ಆಟದ ಅಡಿಪಾಯವನ್ನೇ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ಇಬ್ಬರದೂ ತಪ್ಪು ಎನ್ನುವವರ ಜತೆ ನಾನಿಲ್ಲ.

ಆಮೇಲಿನ ಬ್ರೆಟ್‌ನ ಬದುಕು ಬೇಗ ಹೇಳಿ ಮುಗಿಸುವಂಥದ್ದು. ಡಬ್ಲ್ಯೂಸಿಡಬ್ಲ್ಯೂಗೆ ಅವನನ್ನು ಹೇಗೆ ಬಳಸಬೇಕೆಂದೇ ತಿಳಿಯಲಿಲ್ಲ. 1999ರ ಮೇ 23ರಂದು ಕನ್ಸಾಸ್ ಸಿಟಿಯಲ್ಲಿ, ಛಾವಣಿಯಿಂದ ರಿಂಗಿಗೆ ಇಳಿಸುವ ಸಾಹಸದಲ್ಲಿ ಓವನ್ ಬಿದ್ದು ಸತ್ತ. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೋಲ್ಡ್‌ಬರ್ಗ್ ಎಂಬ ಅನನುಭವಿ ತಾರೆಯ ಒದೆ ನಿಜವಾಗಿ ತಲೆಗೆ ತಗುಲಿ ಬ್ರೆಟ್‌ನ ಮೆದುಳಿಗೆ ಪೆಟ್ಟಾಯಿತು. ಇತರರ ತಲೆಯನ್ನು ಜೋಪಾನ ಮಾಡಿದವನ ವೃತ್ತಿ ಇನ್ನೊಬ್ಬನ ಅಜಾಗರೂಕತೆಯಿಂದ ಮುಗಿಯಿತು. 2002ರಲ್ಲಿ ಸೈಕಲ್‌ನಿಂದ ಬಿದ್ದು ಪಾರ್ಶ್ವವಾಯುವಾಯಿತು.

ಶಾನ್ ಕೂಡ ಬಿದ್ದ. 1998ರ ಜನವರಿಯಲ್ಲಿ ಅಂಡರ್‌ಟೇಕರ್ ಜತೆಗಿನ ಪಂದ್ಯದಲ್ಲಿ ಶವಪೆಟ್ಟಿಗೆಯ ಅಂಚಿಗೆ ಬೆನ್ನು ಬಡಿದು ಡಿಸ್ಕ್ ಹಾಳಾಯಿತು. ಆ ಬೆನ್ನನ್ನು ಹೊತ್ತುಕೊಂಡೇ ಮಾರ್ಚ್‌ನಲ್ಲಿ ಬಾಸ್ಟನ್‌ಗೆ ಬಂದು ಆಸ್ಟಿನ್‌ಗೆ ಪಟ್ಟ ಸೋತ. ಪ್ರತಿ ಹೆಜ್ಜೆಗೂ ಮುಖ ಕಿವುಚುತ್ತಿದ್ದರೂ ಸೋತೇ ಹೋದ. ಆ ಹಿರಿಮೆ ಅವನಿಗೆ ಸಲ್ಲಬೇಕು. ಬ್ರೆಟ್ ಎತ್ತಿ ನಿಲ್ಲಿಸಿದವನಿಗೆ ಪಟ್ಟ ದಾಟಿಸಿದವನು ಶಾನ್. ಆಗ ಅವನಿಗೆ 32 ವರ್ಷ. ಮುಂದೆ ಶಸ್ತ್ರಚಿಕಿತ್ಸೆ, ನೋವಿನ ಮಾತ್ರೆಗಳ ಚಟ, ಮದುವೆ, ಮಗು, ಕ್ರಿಸ್ತಭಕ್ತಿ. 2002ರ ಆಗಸ್ಟ್‌ನಲ್ಲಿ ಮರಳಿದ ಶಾನ್ ಬೇರೆ ಮನುಷ್ಯ.

ಅವನ ಅಭಿಮಾನಿಗಳ ಅತ್ಯಂತ ಗಟ್ಟಿ ವಾದ ಇಲ್ಲಿಂದ ಶುರುವಾಗುತ್ತದೆ. 2005ರಲ್ಲಿ ಕರ್ಟ್ ಆಂಗಲ್, 2008ರಲ್ಲಿ ರಿಕ್ ಫ್ಲೇರ್, 2009 ಮತ್ತು 2010ರಲ್ಲಿ ಅಂಡರ್‌ಟೇಕರ್: ಒಬ್ಬನೇ ಆಟಗಾರನ ಇಳಿವಯಸ್ಸಿನಲ್ಲಿ ಇಷ್ಟು ಶ್ರೇಷ್ಠ ಪಂದ್ಯಗಳು ಇನ್ನಾರಿಗೂ ಸಿಕ್ಕಿಲ್ಲ. ಫ್ಲೇರ್‌ನ ಕೊನೆಯ ಒದೆಗೆ ಮುಂಚೆ, ಅಳುತ್ತ ನಿಂತ ಆ ಮುದುಕನನ್ನು ನೋಡಿ ಶಾನ್ ತುಟಿಯಲ್ಲೇ ಕ್ಷಮೆ ಕೇಳಿ, ಪ್ರೀತಿ ಹೇಳಿ, ಆಮೇಲೆ ಒದೆಯುತ್ತಾನೆ. ಆ ಪಂದ್ಯ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಫ್ಲೇರ್. ಹಳೆಯ ಶಾನ್‌ಗೆ ಇದು ಸಾಧ್ಯವಿರಲಿಲ್ಲ. ಹಳೆಯ ಚಾಳಿ ಪೂರ್ತಿ ಹೋಯಿತೆಂದೇನೂ ಅಲ್ಲ. 2005ರಲ್ಲಿ ಹೋಗನ್‌ಗೆ ಸೋಲುವಾಗ ಒಂದೊಂದು ಏಟಿಗೂ ಅತಿರೇಕವಾಗಿ ಹಾರಿಬಿದ್ದು ಎದುರಿನವನನ್ನೇ ನಗೆಪಾಟಲು ಮಾಡಿದ. ಆದರೂ ಎರಡನೆಯ ಶಾನ್ ನಿಜಕ್ಕೂ ದೊಡ್ಡ ಕಲಾವಿದ. ಪ್ರತಿಭೆಯಲ್ಲಿ ಬ್ರೆಟ್‌ಗಿಂತ ಒಂದು ಕೈ ಹೆಚ್ಚೆಂದು ನಾನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇನೆ.

ಆದರೂ ನನ್ನ ಮತ ಬ್ರೆಟ್‌ಗೆ. ಶಾನ್‌ನ ಉತ್ತರಾರ್ಧ ದೊಡ್ಡದಾದದ್ದು ಎದುರಿನವನನ್ನು ಬೆಳೆಸುವುದನ್ನು ಅವನು ಕಲಿತದ್ದರಿಂದ, ಮತ್ತು ಅದನ್ನು ಬ್ರೆಟ್ 1991ರಲ್ಲೇ ಮಾಡುತ್ತಿದ್ದ. ಇಬ್ಬರೂ ಒಟ್ಟಿಗೆ ರಿಂಗಿನಲ್ಲಿದ್ದ, 1997ರವರೆಗಿನ ವರ್ಷಗಳನ್ನು ಮಾತ್ರ ಇಟ್ಟು ನೋಡಿದರೆ ಹೋಲಿಕೆ ಕಠಿಣವಲ್ಲ. ಅದರಾಚೆಯ ವರ್ಷಗಳನ್ನು ಸೇರಿಸಿದರೆ, ಒಬ್ಬನ ಬೆನ್ನನ್ನು ವೈದ್ಯರು ಸರಿಮಾಡಿದರು, ಇನ್ನೊಬ್ಬನ ಮೆದುಳನ್ನು ಯಾರೂ ಸರಿಮಾಡಲಾಗಲಿಲ್ಲ ಎಂಬುದನ್ನೂ ಸೇರಿಸಬೇಕು. 2010ರ ಜನವರಿ 4ರಂದು ಇಬ್ಬರೂ ರಿಂಗಿನ ನಡುವೆ ಕೈಕುಲುಕಿ ತಬ್ಬಿಕೊಂಡರು. ಅದೇ ವರ್ಷದ ಮಾರ್ಚ್ 28ರಂದು ಅರಿಜೋನಾದ ಗ್ಲೆಂಡೇಲ್‌ನ ಒಂದೇ ರಿಂಗಿನಲ್ಲಿ ಇಬ್ಬರ ಪಂದ್ಯವೂ ನಡೆಯಿತು. ಪಾರ್ಶ್ವವಾಯು ಕಂಡ ದೇಹದ ಬ್ರೆಟ್, ಮುದಿಯಾದ ಮೆಕ್‌ಮಹನ್‌ನನ್ನು ನಿಧಾನವಾಗಿ, ನೋಡಲು ಕಷ್ಟವಾಗುವಂತೆ ಹೊಡೆದು ಸೋಲಿಸಿದ. ಕೊನೆಯಲ್ಲಿ ಶಾನ್ ಅಂಡರ್‌ಟೇಕರ್ ಎದುರು ಅದ್ಭುತವಾಗಿ ಆಡಿ, ಸೋತು, ನಿವೃತ್ತನಾದ. ಆ ಒಂದು ಸಂಜೆಯನ್ನು ನೋಡಿ ಯಾರು ಹೆಚ್ಚೆಂದು ತೀರ್ಮಾನಿಸುವವರು ಬಹಳ ಜನ. ಶಾನ್ ಮರಳಿ ಬಂದು ಎಂಟು ವರ್ಷ ಆಡಿದ ಕಂಪನಿ ಉಳಿದದ್ದೇ ಆಸ್ಟಿನ್‌ನ ಬಲದಿಂದ ಎಂಬುದನ್ನು ಅವರು ಮರೆಯುತ್ತಾರೆ. ಆ ಆಸ್ಟಿನ್‌ನನ್ನು ರೋಸ್‌ಮಾಂಟ್‌ನಲ್ಲಿ ಕಟ್ಟಿಕೊಟ್ಟವನು ಬ್ರೆಟ್. 2025ರಲ್ಲಿ, ಈಗ ಡಬ್ಲ್ಯೂಡಬ್ಲ್ಯೂಇ ಎಂಬ ಹೆಸರಿನ ಅದೇ ಕಂಪನಿ ಮೊದಲ ಬಾರಿಗೆ ಒಬ್ಬ ವ್ಯಕ್ತಿಯ ಬದಲು ಒಂದು ಪಂದ್ಯವನ್ನೇ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಆರಿಸಿಕೊಂಡದ್ದು ಆ ರೋಸ್‌ಮಾಂಟ್ ಪಂದ್ಯವನ್ನು. ಗೌರವ ತೆಗೆದುಕೊಳ್ಳಲು ಬ್ರೆಟ್, ಆಸ್ಟಿನ್ ಇಬ್ಬರೂ ಬಂದಿದ್ದರು.